ಅರ್ಧ ಕೆರೆದ ಹಲಗೆ

ಅಂಗಡಿಯ ಹಿಂದಿನ ಕೋಣೆ,
ಮಂಗಳವಾರ ಸಂಜೆ

ಪ್ರೀತಿಯ ಅಪ್ಪನಿಗೆ (ಈ ಮೊದಲ ಪದ ಬರೆಯಲು ಇವತ್ತು ಪೆನ್ನು ತಕರಾರು ಮಾಡಿತು, ಆದರೂ ಬರೆದಿದ್ದೇನೆ),

ಮಗಳ ನಮಸ್ಕಾರಗಳು. ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ, ಬೆಳಗಿನ ಕೆಮ್ಮು ನಿಂತಿತೇ, ನಿದ್ದೆ ಸರಿಯಾಗಿ ಬರುತ್ತಿದೆಯೇ? ಕಾಗದ ಅಂದಮೇಲೆ ಕೇಳಬೇಕಲ್ಲ ಎಂದು ಕೇಳುತ್ತಿಲ್ಲ. ಈ ಸಲ ನನಗೆ ನಿಜವಾದ ಉತ್ತರ ಬೇಕು. ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಎನ್ನುವ ನಿಮ್ಮ ಮಾಮೂಲಿ ಉತ್ತರ ಬೇಡ. ಅಮ್ಮ ಚೆನ್ನಾಗಿದ್ದಾಳೆ. ನಾನು ಚೆನ್ನಾಗಿಲ್ಲ, ನಿಮ್ಮ ಮೇಲಿನ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ದನಿ ಕೇಳಿದೊಡನೆ ಅದನ್ನು ಅತ್ತಿಗೆಯ ಕೈಗೆ ದಾಟಿಸುತ್ತೀರಿ. ಅದಕ್ಕೇ ಕಾಗದ. ಪಕ್ಕದ ಬೀಗದಂಗಡಿಯವನು ನಾಳೆ ಬೆಳಿಗ್ಗೆ ಅಣ್ಣನ ಊರಿನ ಕಡೆಗೇ ಹೊರಟಿದ್ದಾನೆ. ನಿಮ್ಮ ಕೈಗೇ ಕೊಟ್ಟು, ನೀವು ಬಿಚ್ಚುವವರೆಗೂ ಅಲ್ಲಿಂದ ಕದಲಬೇಡ ಎಂದು ಅವನಿಗೆ ತಾಕೀತು ಮಾಡಿದ್ದೇನೆ.

ನಡೆದದ್ದನ್ನು ಒಂದು ಸಲ ನೆಟ್ಟಗೆ ಹೇಳಿಬಿಡುತ್ತೇನೆ, ಯಾಕೆಂದರೆ ಅಣ್ಣನ ಮನೆಯಲ್ಲಿ ನೀವು ಅದನ್ನು ಹೇಗೆ ಹೇಳಿರುತ್ತೀರಿ ಎಂದು ನನಗೆ ಗೊತ್ತು. ಹಲ್ಲಿನ ಡಾಕ್ಟರ ಹಳೆಯ ಕಾರಿನ ರೂಫಿನ ಒಳಗಡೆಯ ಬಟ್ಟೆ ತೊಟ್ಟಿಲಿನ ಹಾಗೆ ಜೋತುಬಿದ್ದಿತ್ತು. ಆ ಒಂಟೆಯೆತ್ತರದ ಮನುಷ್ಯ ಒಂದು ಕೈಯಲ್ಲಿ ಬಟ್ಟೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಾರು ಓಡಿಸಿಕೊಂಡು ನಮ್ಮ ಅಂಗಡಿಗೆ ಬಂದರು. ಆಗ ನಾನು ಜ್ವರ ಬಂದು ಮಲಗಿದ್ದೆ. ಆ ಬಟ್ಟೆ ಅಂಟಿಸಿದ ರಟ್ಟಿನ ಹಲಗೆ ಇಳಿಸಿ, ಹಳೆಯ ಬಟ್ಟೆ ಕಿತ್ತು, ಅದರಡಿಯ ಸ್ಪಂಜು ಕೆರೆದು, ಹೊಸ ಬಟ್ಟೆ ಅಂಟಿಸಿದ್ದೆಲ್ಲ ನೀವೇ. ನಾನು ಎದ್ದು ಬಂದ ಮೇಲೆ ಮಾಡಿದ್ದು ಇಷ್ಟೇ: ಸಿದ್ಧವಾಗಿದ್ದ ಹಲಗೆಯನ್ನು ಹಿಂದಿನ ಬಾಗಿಲಿಂದ ತೂರಿಸಿ ಕೂರಿಸಿದೆ, ಅಂಚಿನ ರಬ್ಬರು ಒತ್ತಿದೆ, ದೀಪ ಮತ್ತು ಹಿಡಿಗಳನ್ನು ತಿರುಪು ಹಾಕಿ ಬಿಗಿದೆ. ಕೆಲವೇ ವಾರದಲ್ಲಿ ಡಾಕ್ಟರು ಹೊಸ ಬಟ್ಟೆಯನ್ನು ತಲೆಯ ಮೇಲೆ ಸೆರಗಿನ ಹಾಗೆ ಹೊದ್ದುಕೊಂಡು ಮತ್ತೆ ಬಂದು ಬಾಗಿಲಲ್ಲಿ ನಿಂತರು. ಆಗ ನೀವು ಹೇಳಿದ ಮಾತು ನೆನಪಿದೆಯೇ? ‘ಕೆರೆದು ಅಂಟಿಸಿದ್ದು ನಾನು, ಅದು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಕೂರಿಸುವಾಗ ಇವಳು ಹಲಗೆ ಮಡಚಿದಾಳೆ. ಇವಳ ಕೈ ಇನ್ನೂ ಪಳಗಿಲ್ಲ, ಡಾಕ್ಟ್ರೇ.’ ಡಾಕ್ಟರ ಎದುರಿಗೆ, ಬೀಗದವನ ಎದುರಿಗೆ, ಸೀಟು ಹೊಲಿಸಲು ಬಂದು ಕೂತಿದ್ದವರ ಎದುರಿಗೆ ಹೇಳಿದಿರಿ. ನಾನು ಮಡಚಿಲ್ಲ ಎಂದು ತಿರುಗಿ ಹೇಳಿದ್ದೇ ತಪ್ಪಾಯಿತು. ‘ಹಾಗಾದ್ರೆ ಅಂಗಡಿ ನೀನೇ ನಡೆಸು, ನೋಡ್ತೀನಿ’ ಎಂದು ಚೀಲ ತುಂಬಿಕೊಂಡು ಅಣ್ಣನ ಮನೆಗೆ ಹೊರಟುಹೋದಿರಿ.

ಅಂಗಡಿ ನಡೆಸುತ್ತಿದ್ದೇನೆ, ನೋಡಲು ನೀವಿಲ್ಲ ಅಷ್ಟೇ. ಆದರೆ ನೀವು ಬಿಟ್ಟುಹೋದ ಆ ಒಂದು ಮಾತು ನಿಮಗಿಂತ ಚೆನ್ನಾಗಿ ಇಲ್ಲಿ ಕೂತಿದೆ. ಬರುವವರೆಲ್ಲ ಬಾಗಿಲಲ್ಲೇ ನಿಂತು ಒಳಗೆ ಇಣುಕುತ್ತಾರೆ. ‘ಅಪ್ಪ ಇಲ್ವಾ? ಇರ್ಲಿ ಬಿಡಮ್ಮ, ಅವರು ಬಂದ ಮೇಲೆ ಬರ್ತೀವಿ.’ ನಾನು ಹೊಲಿದ ಸೀಟಿನ ಮೇಲೆ ಕೂತು ಬಂದವರೇ ಹೀಗೆ ಹೇಳಿ ಹೋಗುತ್ತಾರೆ. ಶಾಲೆಯ ಚೀಲ ಇಳಿಸಿದೊಡನೆ ನಿಮ್ಮ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದ ಕಾಲದಿಂದ ಈ ಅಂಗಡಿಯಲ್ಲಿ ನಾನು ಸಂಪಾದಿಸಿದ್ದು ಬೇರೇನೂ ಇಲ್ಲ ಅಪ್ಪಾ, ಕೈ ಒಳ್ಳೆಯದು ಅನ್ನುವ ಹೆಸರು ಒಂದೇ. ಅದನ್ನು ನೀವು ನಾಲ್ಕು ಜನರ ಎದುರಿಗೆ ಕಿತ್ತು ಬಿಸಾಡಿದಿರಿ. ನೀವೇ ಬಂದು, ಅದೇ ಜನರ ಎದುರಿಗೆ, ಅದನ್ನು ವಾಪಸು ಕೊಡಬೇಕು. ನನಗೆ ಬೇಕಾಗಿರುವುದು ಅದು.

ಕಳೆದ ವಾರ ಡಾಕ್ಟರು ಕಾರನ್ನು ಮತ್ತೆ ತಂದು ಬಿಟ್ಟರು. ಪಾಪ, ನನ್ನ ಮೇಲೆ ಭರವಸೆಯಿಂದಲ್ಲ, ಬೇರೆಲ್ಲೂ ಈ ಹಳೆಯ ಕಾರನ್ನು ಮುಟ್ಟುವುದಿಲ್ಲವಂತೆ. ನಾನು ದೀಪ ಬಿಚ್ಚಿ, ಹಿಡಿಗಳನ್ನು ಬಿಚ್ಚಿ, ಅಂಚಿನ ರಬ್ಬರು ಎಳೆದು, ಹಲಗೆ ಇಳಿಸಿದೆ. ಇಳಿಸುವಾಗ ಒಂದೇ ಹೆದರಿಕೆ. ಎಲ್ಲಾದರೂ ಮಡಿಕೆ ಕಂಡುಬಿಟ್ಟರೆ, ನಿಜವಾಗಿಯೂ ನಾನೇ ಮಡಚಿದ್ದರೆ ಎಂದು. ಸ್ಟೂಲುಗಳ ಮೇಲೆ ಅದನ್ನು ಅಂಗಾತ ಮಲಗಿಸಿ ಅಂಚಿನುದ್ದಕ್ಕೂ ನೋಡಿದೆ. ಒಂದು ಮಡಿಕೆಯೂ ಇರಲಿಲ್ಲ. ಆಮೇಲೆ ಬಟ್ಟೆ ಸುಲಿದೆ. ನೀವು ಯಾವಾಗಲೂ ನಿಲ್ಲುವ ಜಾಗದಲ್ಲೇ, ಹಿಂದಿನ ಗಾಜಿನ ಕಡೆಯ ತುದಿಯಲ್ಲೇ ನಿಂತಿದ್ದೆ. ಬಲಗಡೆಯ ಅರ್ಧ ನೀವು ಕೆರೆದದ್ದು ಕನ್ನಡಿಯಂತಿತ್ತು, ಬಟ್ಟೆ ಅಲ್ಲಿ ಜಿಗಣೆಯ ಹಾಗೆ ಕಚ್ಚಿಕೊಂಡು ಬರಲೇ ಒಲ್ಲೆ ಎಂದಿತು. ಎಡಗಡೆಯ ಅರ್ಧದಲ್ಲಿ ಹಳೆಯ ಸ್ಪಂಜು ಹಾಗೇ ಇತ್ತು. ಮುಟ್ಟಿದರೆ ಹಳದಿ ಹಿಟ್ಟಾಗಿ ಉದುರುವ ಆ ಸತ್ತ ಸ್ಪಂಜು. ಅದರ ಮೇಲೆ ಅಂಟಿನ ಒಂದು ಹನಿಯೂ ಇಲ್ಲ. ಬರೀ ಅಂಚಿನ ರಬ್ಬರಿನ ಬಿಗಿಗೆ ಬಟ್ಟೆ ಅಷ್ಟು ದಿನ ನಿಂತಿತ್ತು, ಆ ರಬ್ಬರನ್ನು ಒತ್ತಿದವಳು ನಾನು. ಇಷ್ಟೆಲ್ಲ ಆದ ಮೇಲೆ ಬಲಗಡೆಯ ಮೂಲೆಯಲ್ಲಿ, ಪೂರ್ತಿ ಕೆರೆದಾಯಿತು ಎನ್ನುವ ನಿಮ್ಮ ಸೀಮೆಸುಣ್ಣದ ಗುರುತು ಬೇರೆ. ಆ ಗುರುತು ಬಿದ್ದ ಹಲಗೆಯ ಮೇಲೆ ಯಾರೂ ಕೈಯಾಡಿಸಿ ನೋಡಬಾರದು, ನೋಡಿದರೆ ನಿಮಗೆ ಅವಮಾನ. ಇದು ನಮ್ಮ ಅಂಗಡಿಯ ಕಾನೂನು.

ಅಪ್ಪಾ, ಆವತ್ತು ನಾನು ಹಲಗೆಯ ಎದುರಿಗೆ ನಿಂತು ಒಬ್ಬಳೇ ಕೂಗಾಡಿದೆ. ಅರ್ಧ ಕೆಲಸ ಮಾಡಿ ಪೂರ್ತಿ ಬೈಗುಳ ನನ್ನ ತಲೆಗೆ ಕಟ್ಟಿದಿರಲ್ಲ ಎಂದು. ಗಿರಾಕಿ ಅವಸರ ಮಾಡಿದರೆ ‘ಕೆರೆಯದೆ ಅಂಟಿಸೋದು ಕೊಳೆ ತೊಳೆಯದೆ ಬಣ್ಣ ಬಳಿದ ಹಾಗೆ’ ಎಂದು ಬಯ್ದು ಕಳಿಸುತ್ತಿದ್ದವರು ನೀವು. ನಾನು ಚಿಕ್ಕವಳಿದ್ದಾಗ ಬೆರಳಗಲ ಸ್ಪಂಜು ಉಳಿಸಿದ್ದಕ್ಕೆ ಇಡೀ ಹಲಗೆ ಮತ್ತೆ ಉಜ್ಜಿಸಿದವರು ನೀವು. ಆ ಸಿಟ್ಟಿನಲ್ಲೇ ಎಡಗಡೆಯನ್ನು ಕೆರೆದೆ. ನಾರಿನ ಬ್ರಷ್ಷು ಹಿಡಿದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಣ್ಣುರೆಪ್ಪೆಯಲ್ಲೆಲ್ಲ ಹಳದಿ ಧೂಳು ತುಂಬುವವರೆಗೂ ಉಜ್ಜಿದೆ. ಬಲಗಡೆಯ ಬಟ್ಟೆಯನ್ನೂ ಸುಲಿದು ತೆಗೆದೆ, ಹಲಗೆ ಪೂರ್ತಿ ನನ್ನದೇ ಆಗಿರಲಿ ಎಂದು. ಕೆರೆದಾದ ಮೇಲೆ ಕಣ್ಣು ಮುಚ್ಚಿ ಎರಡೂ ಅಂಗೈ ಆಡಿಸಿ ನೋಡಿದೆ, ನಿಮ್ಮ ಕಾನೂನು ಗಾಳಿಗೆ ಹೋಗಲಿ ಅಂದುಕೊಂಡೆ. ಹಲಗೆಗೂ ಬಟ್ಟೆಗೂ ಅಂಟು ಬಳಿದು, ಅದು ಕೈಗೆ ಅಂಟದಷ್ಟು ಆರುವವರೆಗೆ ಕಾದು, ನಡುವಿನಿಂದ ಅಂಚಿಗೆ ನಿಧಾನವಾಗಿ ಒತ್ತುತ್ತ ಹೋದೆ. ಒಂದು ಗುಳ್ಳೆಯೂ ಏಳಲಿಲ್ಲ. ಹೊಗಳಿಕೊಳ್ಳುತ್ತಿದ್ದೇನೆ, ಹೌದು, ಈಗ ಹೊಗಳಲು ಬೇರೆ ಯಾರಿದ್ದಾರೆ?

ಮನೆಗೆ ಹೋದವಳೇ ಅಮ್ಮನ ಎದುರಿಗೆ ನಿಮ್ಮ ಮೇಲೆ ದೂರಿನ ಮಳೆ ಸುರಿಸಿದೆ. ‘ನಿನ್ನ ಗಂಡ ಎಡಗಡೆ ಅರ್ಧ ಮುಟ್ಟೇ ಇಲ್ಲ’ ಅಂದೆ. ಎಂದಿನಂತೆ ನಿಮ್ಮ ಪರ ವಹಿಸಿ ನನ್ನನ್ನೇ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ‘ಈಚೆಗೆ ಅವರಿಗೆ ಊಟದ ನಡುವೆ ತಟ್ಟೆ ತಿರುಗಿಸಿ ಇಡಬೇಕು ಕಣೇ. ಎಡಗಡೆ ಬಡಿಸಿದ್ದನ್ನ ಹಾಗೇ ಬಿಟ್ಟು, ಊಟ ಸಾಲಲಿಲ್ಲ ಅಂತಾರೆ. ತಿರುಗಿಸಿದ್ರೆ, ಮೊದಲೇ ಬಡಿಸೋಕೇನು ಅಂತ ರೇಗ್ತಾರೆ. ವಯಸ್ಸಾಯ್ತು, ಹಟ ಅಂತ ಸುಮ್ಮನಿದ್ದೆ’ ಅಂದಳು. ಆಮೇಲೆ ಒಂದೊಂದೇ ಹೊರಬಂತು. ಗಡ್ಡ ಹೆರೆದುಕೊಂಡ ಮೇಲೂ ಎಡಗೆನ್ನೆಯಲ್ಲಿ ಉಳಿಯುತ್ತಿದ್ದ ಬಿಳಿ ಕೂದಲು. ಬಾಗಿಲು ದಾಟುವಾಗೆಲ್ಲ ಎಡಭುಜಕ್ಕೆ ತಾಗುತ್ತಿದ್ದ ಚೌಕಟ್ಟು, ಅದಕ್ಕೆ ನೀವು ಬಡಗಿಯನ್ನು ಬಯ್ಯುತ್ತಿದ್ದದ್ದು. ಎಡಗಡೆ ಬಂದು ನಿಂತು ಮಾತಾಡಿಸಿದ ಬೀಗದವನಿಗೆ ಉತ್ತರ ಕೊಡದೆ ಹೋಗಿ, ಅವನು ಎಷ್ಟೋ ದಿನ ಮುಖ ಊದಿಸಿಕೊಂಡದ್ದು. ಮರುದಿನವೇ ಅಮ್ಮನನ್ನು ಕರೆದುಕೊಂಡು ನಮ್ಮ ಬೀದಿಯ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಇದು ಕಣ್ಣಿನದಲ್ಲ, ತಲೆಯೊಳಗಿನ ತೊಂದರೆ ಇರಬಹುದು, ಎಡಗಡೆ ಇರುವುದು ಗಮನಕ್ಕೇ ಬರುವುದಿಲ್ಲ, ರಕ್ತ ಎಲ್ಲೋ ತಡೆದು ಹೀಗಾಗುತ್ತದೆ, ಹೀಗಾದವರಿಗೆ ತಮಗೆ ಹೀಗಾಗಿದೆ ಎಂದೇ ಎಷ್ಟೋ ಸಲ ತಿಳಿಯುವುದಿಲ್ಲ ಎಂದರು. ಒಂದು ದಿನವೂ ತಡ ಮಾಡದೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಎಂದರು.

ಈಗ ನಾನು ಯಾರ ಮೇಲೆ ಸಿಟ್ಟಾಗಬೇಕು ಹೇಳಿ. ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಅದಕ್ಕೊಂದು ಸಿಟ್ಟು. ಗೊತ್ತೇ ಇಲ್ಲದೆ, ಪೂರ್ತಿ ಕೆರೆದಿದ್ದೇನೆ ಎಂದು ನಂಬಿಯೇ ನನ್ನನ್ನು ಬಯ್ದಿದ್ದರೆ, ಆ ಸಿಟ್ಟನ್ನು ಎಲ್ಲಿಡಲಿ? ಅಮ್ಮ ಅಳುತ್ತಾಳೆ. ನನಗೆ ಅಳು ಬರುವುದಿಲ್ಲ, ಹಲ್ಲು ಕಡಿಯುವಂತಾಗುತ್ತದೆ. ತಟ್ಟೆ ತಿರುಗಿಸುತ್ತಾ ಕೂತವಳ ಮೇಲೆ ಸಿಟ್ಟು, ನಮ್ಮ ಅಂಗಡಿಯ ಆ ಹಾಳು ಕಾನೂನಿನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ಅಣ್ಣನ ಮೇಲೆ. ಅವನಿಗೆ ಫೋನು ಮಾಡಿ ಎಲ್ಲ ಹೇಳಿದರೆ ನಕ್ಕುಬಿಟ್ಟ. ‘ಅಪ್ಪ ಆರಾಮಾಗಿದ್ದಾರೆ ಕಣೇ, ದಿನಾ ಮಕ್ಕಳನ್ನ ಸ್ಕೂಟರಲ್ಲಿ ಸ್ಕೂಲಿಗೆ ಬಿಟ್ಟು ಬರ್ತಿದಾರೆ. ನಿಮ್ಮ ಜಗಳಕ್ಕೆ ಹೊಸ ಹೊಸ ನೆಪ ಹುಡುಕಬೇಡ’ ಅಂದ. ಸ್ಕೂಟರು ಅನ್ನುವ ಮಾತು ಕೇಳಿ ಅತ್ತಿಗೆಯನ್ನು ಫೋನಿಗೆ ಕರೆಸಿದೆ, ‘ನಾನು ಕೀ ಕೇಳಿದ್ರೆ ಮಾವ ಕೊಡ್ತಾರಾ’ ಅಂದರು. ಅರ್ಧ ರಸ್ತೆ ಕಾಣದ ಮನುಷ್ಯನ ಹಿಂದೆ ಎರಡು ಮಕ್ಕಳು ಕೂತಿರುತ್ತವೆ, ಎಡಗಡೆಯಿಂದ ಲಾರಿ ಬಂದರೆ ಅದು ನಿಮ್ಮ ಪಾಲಿಗೆ ಇಲ್ಲವೇ ಇಲ್ಲ. ಅಪ್ಪಾ, ಈ ಸಾಲು ಓದಿದ ಕೂಡಲೇ ಎದ್ದು ಹೋಗಿ ಸ್ಕೂಟರಿನ ಬೀಗದ ಕೈ ಅತ್ತಿಗೆಗೆ ಕೊಡಿ. ಕೊಟ್ಟು ಬಂದು ಮುಂದಿನದನ್ನು ಓದಿ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅನ್ನಿಸಿದರೆ ಇವತ್ತಿನ ಊಟದಲ್ಲಿ ನೀವೇ ತಟ್ಟೆ ತಿರುಗಿಸಿ ನೋಡಿ.

ನಾವು ಬರುವವರೆಗೂ ಕಾಯದೆ ಅಲ್ಲಿಯೇ ಯಾರಾದರೂ ದೊಡ್ಡ ಡಾಕ್ಟರಿಗೆ ತೋರಿಸಲು ಅಣ್ಣನಿಗೆ ಹೇಳಿ. ನಿಮಗೆ ಕೋಪ ಬಂದರೆ ಬರಲಿ, ನಾನೂ ಅಮ್ಮನೂ ಶುಕ್ರವಾರ ಅಲ್ಲಿಗೆ ಬರುತ್ತೇವೆ. ಗುಣವಾದ ಮೇಲೆ ನನ್ನ ಜೊತೆ ಎಷ್ಟು ಬೇಕಾದರೂ ಜಗಳ ಆಡಿ, ನಾನು ಸಿದ್ಧಳಾಗಿರುತ್ತೇನೆ. ಆದರೆ ಒಂದು ವಿಷಯದಲ್ಲಿ ನಾನು ಬಗ್ಗುವವಳಲ್ಲ. ನಾಳೆ ಬೆಳಿಗ್ಗೆ ಹಲ್ಲಿನ ಡಾಕ್ಟರು ಕಾರು ತೆಗೆದುಕೊಂಡು ಹೋಗಲು ಬರುತ್ತಾರೆ. ಮೊದಲ ಸಲ ತಪ್ಪಾದದ್ದು ಎಲ್ಲಿ, ಯಾರ ಕೈಯಲ್ಲಿ ಎಂದು ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬೀಗದವನೂ ಕೇಳಿಸಿಕೊಳ್ಳಲಿ. ನಿಮಗೆ ಕಾಯಿಲೆ ಎಂದು ನನ್ನ ಹೆಸರನ್ನು ನಾನು ಬಿಟ್ಟುಕೊಡಬೇಕೇ? ನೀವಾಗಿದ್ದರೆ ಬಿಡುತ್ತಿದ್ದಿರೇ?

ಅತ್ತಿಗೆಗೆ ನನ್ನ ನೆನಪು ತಿಳಿಸಿ. ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು. ಅಣ್ಣನಿಗೆ ನೆನಪು ಗಿನಪು ಏನೂ ತಿಳಿಸಬೇಡಿ, ಬಂದು ನಾನೇ ತಿಳಿಸುತ್ತೇನೆ. ಅಮ್ಮ ನಿಮ್ಮ ಉಣ್ಣೆಯ ಬನಿಯನ್ನು ಕಳಿಸಿದ್ದಾಳೆ, ಹಾಕಿಕೊಳ್ಳಿ, ಅದರ ಮೇಲೆ ಸಿಟ್ಟು ತೋರಿಸಬೇಡಿ.

ಇಂತಿ,
ಕೈ ಪಳಗದ ನಿಮ್ಮ ಮಗಳು

ಮತ್ತೆ, ಬುಧವಾರ ಬೆಳಿಗ್ಗೆ: ಬೀಗದವನು ಚೀಲ ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಡಾಕ್ಟರು ಬಂದಿದ್ದರು. ಸೀಟಿನಲ್ಲಿ ಕೂತು, ರೂಫಿಗೆ ತಲೆ ಒತ್ತಿ ನೋಡಿ, ‘ಗಟ್ಟಿಯಾಗಿದೆ. ಹೋದ ಸಲ ಏನಾಗಿತ್ತಮ್ಮ?’ ಎಂದು ಕೇಳಿದರು. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಬೀಗದವನೂ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದ. ‘ಕೂರಿಸುವಾಗ ನಾನೇ ಮಡಚಿಬಿಟ್ಟಿದ್ದೆ, ಡಾಕ್ಟ್ರೇ’ ಅಂದುಬಿಟ್ಟೆ. ‘ಪರವಾಗಿಲ್ಲ, ಅಪ್ಪನ ಹತ್ರ ಇನ್ನೂ ಸ್ವಲ್ಪ ಕಲಿತುಕೋ’ ಎಂದು ಹೊರಟುಹೋದರು. ಯಾಕೆ ಹಾಗೆ ಹೇಳಿದೆನೋ ತಿಳಿಯದು, ಸಿಟ್ಟಂತೂ ಇಳಿದಿಲ್ಲ. ಇನ್ನೊಂದು ಮುಖ್ಯ ಮಾತು. ಈ ಹಾಳೆಗಳನ್ನೆಲ್ಲ ಉದ್ದಕ್ಕೆ ಮಡಚಿ, ಬಲಗಡೆಯ ಅರ್ಧದಲ್ಲಿ ಮಾತ್ರ ಬರೆದಿದ್ದೇನೆ. ಎಡಗಡೆ ಏನೂ ಇಲ್ಲ, ಹುಡುಕಬೇಡಿ. ನನ್ನ ಒಂದು ಬೈಗುಳವೂ ನಿಮ್ಮ ಕಣ್ಣು ತಪ್ಪಿ ಹೋಗಬಾರದು.