ನನ್ನ ತಾಯಿಯ ಮೇಲೆ ತಾವು ಬರೆದ ಸಾಲು

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಹದಿನಾಲ್ಕು ತಿಂಗಳ ಮಗಳು ಯಶೋಧರಾ ಹೇಗೆ ಸತ್ತಳೆಂಬುದನ್ನು ತಮ್ಮ ವರದಿ ಒಂದೇ ಸಾಲಿನಲ್ಲಿ ಮುಗಿಸಿದೆ: ‘ತೀವ್ರ ಉಸಿರಾಟದ ತೊಂದರೆ; ಮೂಲ ಕಾರಣ, ಅಜ್ಜಿಯು ಅಜ್ಞಾನದಿಂದ ಹಾಕಿದ ಹೊಗೆ.’ ಆ ಅಜ್ಜಿ ನನ್ನ ತಾಯಿ ಲಾಲಮ್ಮ. ಆ ಸಾಲು ಕೇಳಿದ ದಿನದಿಂದ ಆಕೆ ಮೊಮ್ಮಗಳನ್ನು ತಾನೇ ಕೊಂದೆನೆಂದು ನಂಬಿದ್ದಾಳೆ.

ನಾನು ರಾವೂರಿನವನು. ಕಚೇರಿ ಮುಂದೆ ಟೇಬಲ್ ಹಾಕಿಕೊಂಡು ಮಂದಿಗೆ ಅರ್ಜಿ ಬರೆದುಕೊಡುವುದು, ಬಂದ ಉತ್ತರ ಓದಿ ಹೇಳುವುದು ನನ್ನ ಕಸುಬು. ‘ತಮ್ಮಲ್ಲಿ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ’ ಎಂದು ಹದಿನೆಂಟು ವರ್ಷ ಬೇರೆಯವರಿಗಾಗಿ ಬರೆದಿದ್ದೇನೆ. ನನಗಾಗಿ ಬರೆಯಲು ಕುಳಿತರೆ ಆ ವಿನಮ್ರತೆ ಬರುತ್ತಿಲ್ಲ. ಕ್ಷಮೆಯಿರಲಿ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ನಮ್ಮ ಕಡೆ ಕೂಸಿಗೆ ಎಣ್ಣೆ ಹಚ್ಚಿ ಎರೆದ ಮೇಲೆ, ಕೆಂಡದ ಮೇಲೆ ಲೋಬಾನ, ಅಂದರೆ ಸಾಂಬ್ರಾಣಿ, ಉದುರಿಸಿ, ಅದರ ಮೇಲೆ ಬುಟ್ಟಿ ಬೋರಲು ಹಾಕಿ, ಆ ಹೊಗೆಯಲ್ಲಿ ಕೂಸನ್ನು ಕಾಯಿಸುತ್ತಾರೆ. ನನ್ನನ್ನೂ ಹಾಗೇ ಕಾಯಿಸಿದ್ದರು. ಜನವರಿಯಲ್ಲಿ ಮಗಳಿಗೆ ಕೆಮ್ಮು, ಜ್ವರ ಹತ್ತಿದಾಗ ಕಫ ಕರಗಲೆಂದು ನನ್ನ ತಾಯಿ ಎರಡು ದಿನ ಹೊಗೆ ಹೆಚ್ಚೇ ಹಾಕಿದಳು. ಹಾಕಬಾರದಿತ್ತು. ಮೂರನೆಯ ದಿನ ಒಂದೊಂದು ಉಸಿರಿಗೂ ಕೂಸಿನ ಪಕ್ಕೆ ಒಳಗೆ ಸೇದತೊಡಗಿತು, ತುಟಿ ನೀಲಿಯಾಯಿತು. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಐದು ದಿನ ಯಂತ್ರ ಅವಳ ಪರವಾಗಿ ಉಸಿರಾಡಿತು. ಆರನೆಯ ದಿನ ಅವಳಿರಲಿಲ್ಲ.

ಅಲ್ಲಿನ ಡಾಕ್ಟರ್ ಅತೀಯಾ ಇಂಥ ಮಕ್ಕಳ ರಕ್ತದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್ ಎಷ್ಟಿರುತ್ತದೆಂದು ಅಧ್ಯಯನ ಮಾಡುತ್ತಿದ್ದರು. ನಮ್ಮ ಒಪ್ಪಿಗೆ ಕೇಳಿ ಒಂದಿಷ್ಟು ರಕ್ತ ತೆಗೆದುಕೊಂಡರು. ಫಲಿತಾಂಶ ಬಂದಾಗ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕುಳಿತು ತಿಳಿಸಿ ಹೇಳಿದರು.

“ನೋಡ್ರಿ, ರೋಗದ ಕೂಡ ಗುದ್ದಾಡುವಾಗ ಮೈಯಾಗ ಕಿಡಿ ಹಾರ್ತಾವ. ಅವನ್ನ ಆರಸಲಿಕ್ಕೆ ಮೈಯಾಗೇ ನೀರಿದ್ದಂಗ ಕೆಲವು ಅಂಶ ಇರ್ತಾವ. ಆಂಟಿಆಕ್ಸಿಡೆಂಟ್ ಅಂತೀವಿ. ನಿಮ್ಮ ಕೂಸಿನಾಗ ಅವು ಭಾಳ ಕಮ್ಮಿ ಆಗ್ಯಾವ, ಕಿಡೀನೇ ಹೆಚ್ಚಾಗ್ಯಾವ. ಅದಕ್ಕೇ ಆಕ್ಸಿಡೇಟಿವ್ ಸ್ಟ್ರೆಸ್ ಅಂತೀವಿ.”

“ನಮ್ಮವ್ವ ಲೋಬಾನ ಹಾಕ್ಯಾಳ್ರಿ. ಅದರಿಂದೇ ಹಿಂಗಾತೇನ್ರಿ?”

“ಹೊಗಿ ಛಲೋ ಅಲ್ಲರಿ. ಆದ್ರ ಕಿಡಿ ಯಾವ ಬೆಂಕಿದು ಅಂತ ರಕ್ತ ಹೇಳಂಗಿಲ್ಲ. ಸೋಂಕು ಅದ, ನಿಮ್ಮೂರಾಗ ಧೂಳ ಅದ. ಇದೊಂದೇ ಕಾರಣ ಅಂದ್ರ ನಾ ಸುಳ್ಳ ಹೇಳ್ದಂಗ ಆಗ್ತದ.”

ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಹೇಳಲಾಗದ್ದನ್ನು, ಸಾವಿನ ವಿಚಾರಣೆಗೆ ಬಂದ ತಮ್ಮ ಸಿಬ್ಬಂದಿ ನಮ್ಮ ಅಂಗಳದಲ್ಲಿ ಚಹಾ ಆರುವುದರೊಳಗೆ ಹೇಗೆ ಕಂಡುಹಿಡಿದರು? ಅವರಿಗೆ ಕುರ್ಚಿ ಒರೆಸಿ ಕೊಟ್ಟೆವು. ಬೆಳಿಗ್ಗೆಯಷ್ಟೇ ಒರೆಸಿದ್ದ ಕುರ್ಚಿ. ಬಟ್ಟೆ ಧೂಳಿಗೆ ಮತ್ತೆ ಬೆಳ್ಳಗಾಯಿತು. ಮನೆಯ ಹಿಂದೆ ಕಲ್ಲು ಪುಡಿ ಮಾಡುವ ಯಂತ್ರದ ಸದ್ದಿಗೆ ಅವರು ಪ್ರಶ್ನೆಗಳನ್ನು ಎರಡೆರಡು ಸಲ ಕೇಳಬೇಕಾಯಿತು. ಆದರೂ ವರದಿಯಲ್ಲಿ ಧೂಳು ಎಂಬ ಮಾತೇ ಇಲ್ಲ. ಯಂತ್ರಕ್ಕೆ ಮಾಲೀಕರಿದ್ದಾರೆ, ಮಾಲೀಕರಿಗೆ ವಕೀಲರಿದ್ದಾರೆ. ಲೋಬಾನಕ್ಕೆ ಒಬ್ಬ ಮುದುಕಿ ಮಾತ್ರ ಇದ್ದಾಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೂ ಈಗ ಸರ್ಕಾರಿ ನಮೂನೆ ಇದೆಯೇ? ಹದಿನೈದು ದಿನಕ್ಕೆ ತಮ್ಮ ಕಚೇರಿಯಿಂದ ಕರಪತ್ರವೂ ಬಂತು: ಮಕ್ಕಳಿಗೆ ಹಸಿರು ಸೊಪ್ಪು ತಿನ್ನಿಸಿ ಎಂದು. ನಮ್ಮ ಅಂಗಳದ ನುಗ್ಗೆ ಸೊಪ್ಪು ಹಸಿರಾಗಿ ಕಾಣುವುದು ಮಳೆ ಬಂದ ಮರುದಿನ ಮಾತ್ರ, ಸ್ವಾಮಿ.

ಇನ್ನೊಂದು ತಪ್ಪಿದೆ, ಅದು ನನ್ನದು. ವರದಿಯ ಪ್ರತಿ ಕೈಗೆ ಬಂದಾಗ ತಾಯಿ, “ಏನ್ ಬರ್ದಾರಪ್ಪ, ಓದು” ಎಂದಳು. ಕಾಗದ ಬಂದರೆ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುವುದು ನನ್ನ ಕಸುಬಿನ ರೂಢಿ. ಓದಿಬಿಟ್ಟೆ. ಆ ಸಾಲು ಕಣ್ಣಿಗೆ ಬಿದ್ದಿತ್ತು, ನಾಲಿಗೆ ಮಾತ್ರ ನಿಲ್ಲಲಿಲ್ಲ. ಆಕೆ ಅಳಲಿಲ್ಲ. “ಸರ್ಕಾರದವ್ರು ಬರ್ದಾರಂದ್ರ ಖರೇನೇ ಇರ್ತದ” ಎಂದಳು. ಡಾಕ್ಟರ ಮಾತು ಎಷ್ಟು ಸಲ ಹೇಳಿದರೂ, “ನೀ ಮಗ ಇದ್ದಿ, ಹಂಗೇ ಹೇಳ್ತಿ” ಅನ್ನುತ್ತಾಳೆ. ನನಗೆ ಮಗಳೂ ಹೋದಳು, ತಾಯಿಯೂ ಕೈತಪ್ಪುತ್ತಿದ್ದಾಳೆ. ದುಃಖ ತಡೆಯಲಾಗುತ್ತಿಲ್ಲ.

ನನ್ನ ಹೆಂಡತಿಗೆ ಈಗ ಎಂಟು ತಿಂಗಳು ತುಂಬಿದೆ. ಹೆರಿಗೆಗೆ ಮೊದಲೇ ನಾಲವಾರದಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿಬಿಡುತ್ತೇನೆಂದು ತಾಯಿ ಗಂಟು ಕಟ್ಟಿಟ್ಟಿದ್ದಾಳೆ. “ಆ ಕೂಸಿಗೆ ನನ್ನ ಕೈ ತಾಕಬಾರ್ದು” ಅನ್ನುತ್ತಾಳೆ.

ಆದ್ದರಿಂದ ಕೇಳುತ್ತಿದ್ದೇನೆ: ನಮ್ಮೂರ ಗಾಳಿಯ ಧೂಳನ್ನು ಅಳೆಸಿ. ವರದಿಯನ್ನು ತಿದ್ದಿ, ಸೋಂಕು, ಧೂಳು, ಹೊಗೆ ಮೂರನ್ನೂ ಬರೆಯಿರಿ; ಯಾವುದು ಎಷ್ಟೆಂದು ಗೊತ್ತಿಲ್ಲ ಎಂದೂ ಬರೆಯಿರಿ. ಹೊಗೆಯ ಮಾತನ್ನು ವರದಿಯಿಂದ ಬಿಡಿ ಎಂದು ನಾನು ಕೇಳುತ್ತಿಲ್ಲ. ಆದರೆ ತಿದ್ದಿದ ವರದಿಯನ್ನು ಅಂಚೆಯಲ್ಲಿ ಕಳಿಸಬೇಡಿ, ನಾನು ಓದಿದರೆ ಆಕೆ ನಂಬುವುದಿಲ್ಲ. ತಾವೇ ಬಂದು, ನನ್ನ ತಾಯಿಯ ಮುಂದೆ ಕುಳಿತು, ತಮ್ಮ ಬಾಯಿಂದ ಓದಿ. ನಾಲವಾರದ ರೈಲಿಗೆ ಆಕೆ ಹೊರಡುವುದು ಬರುವ ಸೋಮವಾರ.

ಇಂತಿ,
ತಾಯಿ ನಂಬದ ಮಗ,
ದೇವಾನಂದ, ರಾವೂರ