ಶೈಲೂಗೆ ಬಂದ ಬಣ್ಣ

ಭೂಸನೂರ
ತಾ. ೧೭ ನವೆಂಬರ್ ೨೦೨೪, ಭಾನುವಾರ

ಚಿ. ಸೌ. ಸುವರ್ಣಾಳಿಗೆ ನಿನ್ನ ಅತ್ತೆ ತುಂಬುಮನಸ್ಸಿನಿಂದ ಮಾಡುವ ಆಶೀರ್ವಾದ.

ಮೊದಲು ನನ್ನ ಮಗನ ಕಾಲು ಹೇಗಿದೆ, ಅದನ್ನು ತಿಳಿಸು. ಪ್ಲಾಸ್ಟರ್ ಬಿಚ್ಚಿದರೋ ಇಲ್ಲವೋ? ಪುಣೆಯ ಚಳಿಗೆ ಮುರಿದ ಎಲುಬು ಜಗ್ಗುತ್ತದೆ, ಬಿಸಿ ಎಣ್ಣೆ ತಿಕ್ಕು. ಪ್ಲಾಸ್ಟರ್ ಮೇಲೆಯೇ ತಿಕ್ಕಿಬಿಟ್ಟೀಯೆ, ನಿನ್ನ ಜಾಣತನ ನನಗೆ ಗೊತ್ತಿದೆ. ನಿನ್ನ ಸೊಂಟನೋವು ಹೇಗಿದೆ? ನಾನು ಆರಾಮಾಗಿದ್ದೇನೆ. ಕಬ್ಬಿನ ಗಾಡಿಗಳು ಶುರುವಾಗಿವೆ, ಹೊಸ್ತಿಲು ಎಷ್ಟು ಗುಡಿಸಿದರೂ ಧೂಳು. ಫೋನಿದ್ದೂ ಕಾಗದ ಯಾಕೆ ಬರೆಯುತ್ತಿದ್ದೇನೆ ಎಂದು ಕೇಳುತ್ತೀ. ಫೋನಿನಲ್ಲಿ ನೀನು ಎರಡು ಮಾತಿಗೊಮ್ಮೆ ಅಳುತ್ತೀ, ನನಗೋ ಕಿವಿ ಮಂದ. ಕಾಗದದಲ್ಲಿ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು, ಕೂತು ಪೂರ್ತಿ ಓದು.

ನಿನ್ನ ಹಿರಿಮಗಳು, ನಮ್ಮ ಶೈಲಶ್ರೀಯನ್ನು ಜೇವರ್ಗಿಯವರು ಒಪ್ಪಿದ್ದಾರೆ! ಜಗದೇವಪ್ಪ ತಂದ ಸಂಬಂಧ. ಅವನು ಹತ್ತು ಊರು ತಿರುಗಿ ಮದುವೆ ಕುದುರಿಸುವವನಾದರೂ ನಮಗೆ ಮಾತ್ರ ಮನೆಯವನಂತೆ ಮಾಡಿದ್ದಾನೆ. ತೊಗರಿಬೇಳೆ ಮಿಲ್ಲು, ಒಬ್ಬನೇ ಮಗ. ಅಫಜಲಪುರದ ಕಡೆ ಹನ್ನೊಂದು ಹುಡುಗಿಯರನ್ನು ನೋಡಿ ಬಣ್ಣ ಸಾಲದೆಂದು ಬಿಟ್ಟು ಬಂದವರು. ಹುಡುಗ ರೊಟ್ಟಿ ಬೇಯಿಸುವ ಹಂಚಿನ ಹಾಗಿದ್ದಾನೆ, ಅದು ಬೇರೆ ಮಾತು. ಗಂಡಸಿನ ಬಣ್ಣ ಯಾರು ನೋಡುತ್ತಾರೆ? ಫೆಬ್ರುವರಿಗೆ ಶೈಲೂಗೆ ಹದಿನೆಂಟು ತುಂಬುತ್ತದೆ, ಯಾರೂ ಬೆರಳು ತೋರಿಸುವ ಹಾಗಿಲ್ಲ. ಪಿಯುಸಿ ಪರೀಕ್ಷೆ ಬರೆಯದಿದ್ದರೂ ನಡೆಯುತ್ತದೆ ಎಂದಿದ್ದಾರೆ.

ಅವರು ನೋಡಲು ಬಂದ ದಿನ ನೀನು ಇರಬೇಕಿತ್ತು. ಶೈಲೂ ಚಹಾದ ತಟ್ಟೆ ಹಿಡಿದು ಒಳಗಿನಿಂದ ಬಂದಳು. ಒಂದು ಹೆಜ್ಜೆ, ನಿಲ್ಲುವುದು, ಮತ್ತೊಂದು ಹೆಜ್ಜೆ. ಹುಡುಗನ ತಾಯಿ ಕಣ್ಣು ಕೀಳಲಿಲ್ಲ. "ಎಷ್ಟ ಸಾವಕಾಶ ನಡೀತಾಳ್ರಿ, ಈಗಿನ ಹುಡುಗ್ಯಾರು ಕುದುರಿ ಓಡಿದಂಗ ಓಡ್ತಾವ" ಎಂದರು. ಕುಳಿತ ಮೇಲೆ ತಲೆ ಎತ್ತಲೇ ಇಲ್ಲ. ನಾಚಿಕೆ ಎಂದು ಅವರಿಗೆ ಸಂತೋಷ. ಆಮೇಲೆ ಒಳಗೆ ಬಂದು, ತಲೆ ಎತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು ಎಂದಳು. ಅದನ್ನು ಅವರಿಗೇಕೆ ಹೇಳಬೇಕು? ಹೆಸರು ಕೇಳಿದಾಗ ಧ್ವನಿ ಗುಬ್ಬಿಯದರಷ್ಟು ಬಂತು, ಮೆಚ್ಚಿದರು. ಒಂದು ಉಂಡಿಯನ್ನು ಅರ್ಧ ತಿಂದು ಇಟ್ಟಳು, ಕಡಿಮೆ ಉಣ್ಣುವವಳು ಎಂದು ಅದನ್ನೂ ಮೆಚ್ಚಿದರು. ಕೊನೆಗೆ ಆ ತಾಯಿ ಅವಳ ಅಂಗೈ ಹಿಡಿದು, "ಕೈ ಎಷ್ಟ ತಂಪ ಅದಾವ್ರಿ, ಬೆಣ್ಣಿ ಮುಟ್ಟಿದಂಗ" ಎಂದು ತನ್ನ ಕೆನ್ನೆಗೆ ಒತ್ತಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು, ಸುವರ್ಣಾ. ನಮ್ಮ ಮನೆಯ ಹೆಣ್ಣಿಗೆ ಅಂಥ ಮರ್ಯಾದೆ ಸಿಕ್ಕದ್ದನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಈಗ ನಿನ್ನ ಗುಳಿಗೆಯ ವಿಷಯ. ಜುಲೈಯಲ್ಲಿ ನೀನು ಪುಣೆಗೆ ಹೋಗುವಾಗ ಡಬ್ಬಿಯನ್ನೂ ಡಾಕ್ಟರ ಚೀಟಿಯನ್ನೂ ನನ್ನ ಕೈಗಿಟ್ಟು ದೇವರ ಆಣೆ ಹಾಕಿ ಹೋದೆ. ಶೈಲೂಗೆ ರಕ್ತ ಏಳೂವರೆ, ಕಬ್ಬಿಣಾಂಶ ಇಲ್ಲ, ವಿಟಮಿನ್ ಇಲ್ಲ, ದಿನಾ ಗುಳಿಗೆ, ಮುಂಜಾನೆ ಅರ್ಧ ತಾಸು ಬಿಸಿಲು, ಸಾಧ್ಯವಾದರೆ ಮೊಟ್ಟೆ. ಮೊಟ್ಟೆ ನಮ್ಮ ಮನೆಯಲ್ಲಿ ಬೇಯುವುದಿಲ್ಲ. ಬಿಸಿಲಿಗೆ ನಿಲ್ಲಿಸಿದರೆ ಮುಖ ಏನಾಗುತ್ತದೆ ಎಂದು ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ, ನಿನಗಾದರೂ ಗೊತ್ತಿರಬೇಕು. ಗುಳಿಗೆ ಹದಿನೈದು ದಿನ ಕೊಟ್ಟೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಹುಡುಗಿಯೇ ಬಂದು, ಹೊರಕಡೆಗೆ ಹೋದರೆ ಕಪ್ಪಗೆ ಆಗುತ್ತಿದೆ ಎಂದಳು. ಒಳಗೆ ಕಪ್ಪಾದದ್ದು ಹೊರಗೆ ಮುಖಕ್ಕೆ ಬರಲು ಎಷ್ಟು ದಿನ ಬೇಕು? ಅವತ್ತೇ ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ದಸರೆಯ ಹೊತ್ತಿಗೆ ನೋಡಬೇಕಿತ್ತು ಅವಳ ಮುಖ! ನಿನ್ನ ತವರಿನಿಂದ ಬಂದ ಆ ಕಪ್ಪು ಎಲ್ಲಿ ಹೋಯಿತೋ. ತುಟಿ ಬಿಳಿ, ಉಗುರು ಬಿಳಿ, ಕಿವಿಯ ಹಾಲೆ ಹಾಲಿನ ಕೆನೆ.

ನನಗೆ ಬುದ್ಧಿ ಹೇಳಲು ಬರಬೇಡ. ಇಪ್ಪತ್ತಾರು ವರ್ಷ ಅಂಗನವಾಡಿ ನಡೆಸಿದವಳು ನಾನು. ಆ ಗುಳಿಗೆಗಳನ್ನು ಈ ಕೈಯಿಂದಲೇ ಹಂಚಿ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೇನೆ. ಅರ್ಧಕ್ಕರ್ಧ ಹೆಂಗಸರು ಹೊರಗೆ ಹೋಗಿ ಗಟಾರಕ್ಕೆ ಒಗೆಯುತ್ತಿದ್ದರು. ನೋಡಿ ಸುಮ್ಮನಿದ್ದೆ. ಯಾರೇನು ಸತ್ತರೇ? ಇಬ್ಬರು ಹೆರಿಗೆಯಲ್ಲಿ ಹೋದರು, ಅದು ಅವರ ಹಣೆಬರಹ.

ಆಶಾ ಕಾರ್ಯಕರ್ತೆ ಮಿನಾಜ ಇದ್ದಾಳಲ್ಲ, ಅವಳು ಒಂದು ದಿನ ಬಂದು ಶೈಲೂನ ಕಣ್ಣಿನ ರೆಪ್ಪೆ ಜಗ್ಗಿ ನೋಡಿ, "ಆಯಿ, ಒಳಗ ರಕ್ತನ ಇಲ್ಲರಿ, ಕಾಗದ ಆಗ್ಯಾಳ. ಇವತ್ತ ಆಳಂದಕ್ಕ ಕರ್ಕೊಂಡ ನಡ್ರಿ" ಎಂದು ಬೊಬ್ಬೆ ಹೊಡೆದಳು. ನೀನು ಹುಟ್ಟುವ ಮೊದಲೇ ನಾನು ಸಾವಿರ ರೆಪ್ಪೆ ನೋಡಿದ್ದೇನೆ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಊರಲ್ಲಿ ಹುಡುಗಿಗೆ ರೋಗ ಎಂದು ಹಬ್ಬಿದರೆ ಜೇವರ್ಗಿಗೆ ಮುಟ್ಟಲು ಎಷ್ಟು ಹೊತ್ತು? ಅವತ್ತಿನಿಂದ ಕಾಲೇಜು ಬಿಡಿಸಿ ಮನೆಯಲ್ಲೇ ಇಟ್ಟುಕೊಂಡಿದ್ದೇನೆ.

ಹುಡುಗಿಗೆ ನಾಟಕ ಚೆನ್ನಾಗಿ ಬರುತ್ತದೆ. ಮಾಳಿಗೆಯ ಒಂಬತ್ತು ಮೆಟ್ಟಿಲಿಗೆ ಮೂರು ಕಡೆ ಕೂಡುತ್ತಾಳೆ. ಬಳಪ ಕದ್ದು ತಿನ್ನುತ್ತಾಳೆ, ಹಸಿ ಅಕ್ಕಿ ಮುಕ್ಕುತ್ತಾಳೆ. ಮೊನ್ನೆ ನೀರು ಹೊಡೆದ ಮಣ್ಣಿನ ಗೋಡೆಗೆ ನಾಲಿಗೆ ಹಚ್ಚಿದ್ದಳು, ಬೆನ್ನಿಗೆ ಎರಡು ಕೊಟ್ಟೆ. ನನ್ನ ಕಾಲ ಹತ್ತಿರ ಕೂತು, "ಆಯಿ, ಅರ್ಧಾ ಗುಳಗಿರೆ ಕೊಡು, ಎದಿ ಡಬಡಬ ಬಡಕೊಳ್ಳಾಕತ್ತದ" ಎಂದು ಅತ್ತಳು. ಪಾಪ ಅನಿಸಿತು. ಚಹಾ ಮಾಡಿ ಕೊಟ್ಟೆ, ತಲೆ ಬಾಚಿದೆ. ಬಾಚಣಿಗೆ ತುಂಬ ಕೂದಲು ಬಂತು. ಮದುವೆಗೆ ಚವರಿ ಕಟ್ಟಿದರಾಯಿತು. ಇವಳ ತಂಗಿ ದಾನೇಶ್ವರಿಯನ್ನು ನೋಡು, ಪ್ರತಿ ಸೋಮವಾರ ಶಾಲೆಯಲ್ಲಿ ಕೊಡುವ ಕಬ್ಬಿಣದ ನೀಲಿ ಗುಳಿಗೆ ನುಂಗಿ, ನನಗೆ ಗೊತ್ತಿಲ್ಲವೆಂದುಕೊಂಡು ಮೊಟ್ಟೆಯನ್ನೂ ತಿಂದು, ಇದ್ದಿಲಿನ ಹಾಗೆ ಬೀದಿ ತುಂಬ ಕುಣಿಯುತ್ತಾಳೆ. ಅವಳನ್ನು ಯಾರು ಒಪ್ಪಿಯಾರು?

ನನ್ನನ್ನು ಕಲ್ಲೆದೆಯವಳು ಎನ್ನಬೇಡ. ನಾನು ಕಪ್ಪಗೆ ಹುಟ್ಟಿದವಳು. ನಿನ್ನ ಮಾವ ಚಂದ್ರಾಮ ಊರಿಗೆಲ್ಲ ದೇವರಂಥ ಮನುಷ್ಯ, ಆದರೆ ಮದುವೆಯಾದ ಮೂರು ವರ್ಷ ಹೊಲದ ದಾರಿಯಲ್ಲಿ ನನ್ನನ್ನು ಹತ್ತು ಹೆಜ್ಜೆ ಹಿಂದೆ ನಡೆಸಿದರು. ಯಾರಾದರೂ ಎದುರಾದರೆ ಕೂಲಿಯವಳು ಎಂದುಕೊಳ್ಳಲಿ ಎಂದು. ಒಂದು ದಿನವೂ ಅದನ್ನು ಯಾರ ಮುಂದೆಯೂ ಆಡಲಿಲ್ಲ, ಇವತ್ತು ನಿನಗೆ ಬರೆಯುತ್ತಿದ್ದೇನೆ. ನನ್ನ ಮೊಮ್ಮಗಳು ಗಂಡನ ಪಕ್ಕಕ್ಕೆ ನಡೆಯಬೇಕು. ಅದಕ್ಕೆ ನಾಲ್ಕು ತಿಂಗಳು ಸುಸ್ತಾದರೆ ಆಗಲಿ. ತಾಳಿ ಬಿದ್ದ ಮೇಲೆ ಡಬ್ಬಿಗಟ್ಟಲೆ ನುಂಗಲಿ, ಬೇಡವೆಂದವರು ಯಾರು?

ನನ್ನ ಮಗನಿಗೆ ಸುದ್ದಿ ಹೇಳಿ ಬಾಯಿ ಸಿಹಿ ಮಾಡು. ಇಬ್ಬರೂ ನೂರು ವರ್ಷ ಬಾಳಿ, ಮೊಮ್ಮಕ್ಕಳ ತೊಟ್ಟಿಲು ತೂಗಿ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಇಂಥ ಮನೆ ಸಿಕ್ಕಿತಲ್ಲ ಎಂದು ದೇವರಿಗೆ ಎರಡು ಊದುಬತ್ತಿ ಹೆಚ್ಚು ಹಚ್ಚು.

ಎಂದೆಂದೂ ನಿಮ್ಮ ಒಳಿತನ್ನೇ ಬಯಸುವ
ಗೌರಾಬಾಯಿ

ತಾ.ಕ.: ಇವತ್ತು ಗುರುವಾರ. ಕಾಗದ ಅಂಚೆ ಡಬ್ಬಿಗೆ ಹಾಕುವುದು ತಡವಾಯಿತು. ಸೋಮವಾರ ಶೈಲೂ ಮೆಟ್ಟಿಲ ಮೇಲಿಂದ ಉರುಳಿದಳು, ಎಚ್ಚರ ಇರಲಿಲ್ಲ, ಕಲಬುರಗಿಗೆ ಒಯ್ದರು. ರಕ್ತ ನಾಲ್ಕಕ್ಕೆ ಇಳಿದಿತ್ತಂತೆ, ಹೃದಯ ದಣಿದಿದೆಯಂತೆ. ಮಿನಾಜಳೇ ಓಡಾಡಿ ರಕ್ತ ಹೊಂದಿಸಿದಳು, ಮೂರು ಬಾಟಲಿ ಏರಿಸಿದ್ದಾರೆ. ಜೀವಕ್ಕೆ ಭಯವಿಲ್ಲ ಎಂದಿದ್ದಾರೆ, ಓಡಿ ಬರಬೇಡ. ಆದರೆ ಸುವರ್ಣಾ, ರಕ್ತ ಏರಿದ ಹಾಗೆಲ್ಲ ಅವಳ ಹುಟ್ಟಿದ ಬಣ್ಣ ಮುಖಕ್ಕೆ ಬಂದುಬಿಟ್ಟಿದೆ, ಇನ್ನು ಜೇವರ್ಗಿಯವರಿಗೆ ತೋರಿಸುವ ಹಾಗಿಲ್ಲ. ಜಗದೇವಪ್ಪ ಹೋಗಿ ಮಾತಾಡಿ ಬಂದ. ಚಿಕ್ಕವಳಿದ್ದರೆ ಬೇಸಿಗೆಯಲ್ಲಿ ಬಂದು ನೋಡುತ್ತೇವೆ ಎಂದಿದ್ದಾರೆ. ದಾನೇಶ್ವರಿಗೆ ಹದಿನೈದೇ ಎಂದು ಅಳುತ್ತ ಕೂಡಬೇಡ, ಮಾತು ಗಟ್ಟಿಯಾದರೆ ಕಾಯುತ್ತಾರೆ. ಬೇಸಿಗೆಗೆ ಇನ್ನೂ ಐದು ತಿಂಗಳಿದೆ. ಬರುವ ಸೋಮವಾರದಿಂದ ಶಾಲೆಯ ಗುಳಿಗೆ ನುಂಗಬೇಡ, ನಾಲಿಗೆಯ ಕೆಳಗೆ ಇಟ್ಟುಕೊಂಡು ಬಂದು ಗಟಾರಕ್ಕೆ ಉಗುಳು ಎಂದು ಅವಳಿಗೆ ಹೇಳಿಕೊಟ್ಟಿದ್ದೇನೆ.