ಮುಕ್ಕಾದ ಬಟ್ಟಲುಗಳು

ದಿನ ೨೧೪, ಈ ಗ್ರಹದಲ್ಲಿ ನಮ್ಮ ಒಂಬತ್ತನೇ ವರ್ಷ.

ಆ ಬಟ್ಟಲುಗಳು ತಲೆಯಿಂದ ಹೋಗುತ್ತಿಲ್ಲ. ಇಲ್ಲಿದ್ದ ಪ್ರಾಚೀನರು ಒಂದೇ ದಿನದಲ್ಲಿ, ಊಟದ ನಡುವೆಯೇ ಎದ್ದು ಕಾಣೆಯಾದರು ಎಂದು ಬರೆದವನು ನಾನು. ಮಣ್ಣು ಅಗೆದಾಗ ಮೇಜಿನ ಮೇಲೆ ಸಿಕ್ಕ ಬಟ್ಟಲುಗಳೇ ನನ್ನ ಸಾಕ್ಷಿ. ಏಳು ಗ್ರಹಗಳ ಮಕ್ಕಳು ಅದನ್ನು ಪಾಠವಾಗಿ ಓದುತ್ತಾರೆ.

ಇವತ್ತು ಅವನ್ನು ತೊಳೆಯುವ ಕೆಲಸದ ಅಕ್ಕ ನಕ್ಕಳು. "ಇವ್ರು ಕಾಣೆಯಾದೋರಲ್ಲ ಸಾರ್, ಮನೆ ಖಾಲಿ ಮಾಡಿದೋರು. ಒಂದಾದ್ರೂ ನೆಟ್ಟಗಿದ್ಯಾ ನೋಡಿ. ಒಳ್ಳೇದನ್ನೆಲ್ಲ ಕಟ್ಕೊಂಡು, ಮುಕ್ಕಾಗಿದ್ದನ್ನ ಬಿಟ್ಟು ಹೋಗಿದಾರೆ."

"ಮಣ್ಣಿನಡಿ ಮುಕ್ಕಾಗಿರಬಹುದಲ್ಲ?" ಎಂದೆ.

"ಆ ಜಾಗದಲ್ಲಿ ಬೆರಳಾಡಿಸಿ. ತುಟಿ ತಾಗಿ ತಾಗಿ ನುಣ್ಣಗಾಗಿದೆ. ಒಂದು ಸಲನಾದ್ರೂ ಪಾತ್ರೆ ತೊಳೆದಿದ್ರೆ ನಿಮಗೂ ಗೊತ್ತಾಗ್ತಿತ್ತು ಬಿಡಿ."

ನುಣ್ಣಗೇ ಇತ್ತು. ನಾಳೆ ತಿದ್ದುಪಡಿ ಕಳಿಸಬೇಕು. ಕಳಿಸುತ್ತೇನೆ. ನಿದ್ದೆ ಕೆಡಿಸಿದ್ದು ಅದಲ್ಲ.

ಹೋದ ವರ್ಷ ಹೆಂಡತಿ ನೌಕೆ ಹತ್ತಿದಾಗ, ಇದ್ದಕ್ಕಿದ್ದಂತೆ ಬಿಟ್ಟುಹೋದಳು ಎಂದು ಎಲ್ಲರಿಗೂ ಹೇಳಿದ್ದೆ. ಈಗ ನೀರು ಕುಡಿಯಲು ಎದ್ದು ಅಡುಗೆಮನೆಯ ಕಪಾಟು ತೆರೆದೆ. ಪಿಂಗಾಣಿ ಲೋಟಗಳು ಮೂರಿವೆ. ಒಂದೊಂದರ ಅಂಚಿಗೂ ಬೆರಳಾಡಿಸಿದೆ. ಮೂರೂ ಮುಕ್ಕು. ಒಳ್ಳೆಯವು ಒಂದೊಂದಾಗಿ ಯಾವಾಗ ಕಪಾಟು ಬಿಟ್ಟವೋ, ನಾನು ನೋಡಲೇ ಇಲ್ಲ.